ಮಾಮನ ಏಕಾದಶಿಗಳು

ಲೋಕದ ಪಂಚಾಂಗಗಳಲ್ಲೆಲ್ಲ ತಿಂಗಳಿಗೆ ಎರಡೇ ಏಕಾದಶಿ. ನನ್ನ ಸೋದರಮಾವನ ಪಂಚಾಂಗದಲ್ಲಿ ಮಾತ್ರ ಕಡಿಮೆಯೆಂದರೂ ಹದಿನೈದು! ಅಮ್ಮ ಊಟಕ್ಕೆ ಕರೆದ ದಿನ ಏಕಾದಶಿ, ನೆಂಟರ ಮನೆಯ ನಾಮಕರಣದ ದಿನ ಏಕಾದಶಿ, ಒಮ್ಮೆಯಂತೂ ದೀಪಾವಳಿ ಅಮಾವಾಸ್ಯೆಯ ದಿನವೇ ಏಕಾದಶಿ. ಇಷ್ಟೊಂದು ಉಪವಾಸ ಮಾಡುವವನಿಗೆ ದೇವರ ಮೇಲೆ ಭಕ್ತಿಯಿತ್ತೇ ಎಂದರೆ, ಅದೂ ಅಷ್ಟಕ್ಕಷ್ಟೆ.

ಮಾಮ ಕೋಲಾರದ ಹೈಸ್ಕೂಲೊಂದರಲ್ಲಿ ಕ್ರಾಫ್ಟ್ ಮೇಷ್ಟ್ರು. ಹುಡುಗರಿಗೆ ನೂಲು ತೆಗೆಯುವುದು, ಲಾಡಿ ನೇಯುವುದು ಹೇಳಿಕೊಡುತ್ತಿದ್ದ. ಮದುವೆಯಾಗಿರಲಿಲ್ಲ, ನಮ್ಮ ಮನೆಯಲ್ಲೇ ಇದ್ದ. ಎಪ್ಪತ್ತೆರಡರಲ್ಲೋ ಮೂರರಲ್ಲೋ ಅವನ ದೊಡ್ಡ ಕರುಳಿನಲ್ಲಿ ಗಂಟು ಕಾಣಿಸಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ, ಕೆಳಗಿನ ದಾರಿ ಮುಚ್ಚಿ, ಹೊಟ್ಟೆಯ ಎಡಗಡೆ ಹೊಸ ದಾರಿ ತೆರೆದು, ಅದಕ್ಕೊಂದು ರಬ್ಬರ್ ಚೀಲ ಕಟ್ಟಿ ಕಳಿಸಿದರು.

"ಹಳೇ ರಸ್ತೆ ಬಂದ್ ಮಾಡ್ಬಿಟ್ರು ಕಣೋ. ಈಗ ಗಾಡಿಯೆಲ್ಲ ಸೈಡ್ ರೋಡಲ್ಲೇ!" ಎಂದು ಮಾಮನೇ ನಕ್ಕ. ನಾವೂ ನಕ್ಕೆವು. ಮರುವಾರ ಅವನು ಊರಾಚೆ ಒಂಟಿ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು, ತನ್ನ ಟ್ರಂಕು ಎತ್ತಿಕೊಂಡು ಹೊರಟ. "ನಿಮಗ್ಯಾಕೆ ತೊಂದರೆ?" ಎಂದ. ಅಮ್ಮ ಬೇಡವೆಂದಳು. ಒಂದು ಸಲ ಬೇಡವೆಂದಳು.

ಆ ಕೋಣೆಯಲ್ಲಿ ಒಂದು ರೇಡಿಯೋ ಇತ್ತು. ಯಾರಾದರೂ ಬಾಗಿಲು ತಟ್ಟಿದರೆ ಸಾಕು, ಮಾಮ ಮೊದಲು ರೇಡಿಯೋ ಜೋರು ಮಾಡಿ ಆಮೇಲೆ ಬಾಗಿಲು ತೆರೆಯುತ್ತಿದ್ದ. ಗೇಣು ಜಮೀನಿಲ್ಲದವನು ರೈತರ ಕಾರ್ಯಕ್ರಮವನ್ನು ಬೀದಿಗೆಲ್ಲ ಕೇಳಿಸುತ್ತಿದ್ದ! ಅದನ್ನು ಕೇಳಿ ಕೇಳಿ ರಾಗಿಗೆ ಬರುವ ರೋಗಗಳೆಲ್ಲ ನನಗೂ ಬಾಯಿಪಾಠವಾಗಿದ್ದವು. ಬೀದಿಯವರು ಮೇಷ್ಟ್ರಿಗೆ ಕಿವಿ ಕೇಳುವುದಿಲ್ಲವೆಂದು ತೀರ್ಮಾನಿಸಿ, ಅವನ ಹತ್ತಿರ ಕಿರುಚಿಯೇ ಮಾತಾಡುತ್ತಿದ್ದರು. "ಸಣ್ಣಗೆ ಮಾಡೋ ಮಾರಾಯ" ಎಂದು ನಾನೂ ಎಷ್ಟು ಸಲ ರೇಗಿದ್ದೇನೋ! ಹೊಟ್ಟೆಯ ಹೊಸ ದಾರಿಗೆ ಬಾಗಿಲಿಲ್ಲ, ಸದ್ದು ಯಾವಾಗ ಬರುತ್ತದೋ ಅವನಿಗೇ ತಿಳಿಯುತ್ತಿರಲಿಲ್ಲ ಎಂಬುದು ನನ್ನ ತಲೆಗೆ ಹೊಳೆದದ್ದು ವರ್ಷಗಳ ಮೇಲೆ.

ಹೀಗೆ ಬಾಗಿಲು ಹಾಕಿಕೊಂಡು ಕೂತಿದ್ದವನನ್ನು ಎಬ್ಬಿಸಿದ್ದು ಆಸ್ಪತ್ರೆಯ ನರ್ಸಮ್ಮ ಬರೆದ ಒಂದು ಕಾರ್ಡು. "ಮಾಲೂರಿನಲ್ಲಿ ನಿಮ್ಮ ತರಹದವರೇ ಒಬ್ಬರಿದ್ದಾರೆ. ಊಟ ಬಿಟ್ಟಿದ್ದಾರೆ. ಹೋಗಿ ನೋಡಿ." ಮಾಮ ಹೋದ. ಆಮೇಲೆ ಕಾರ್ಡುಗಳು ಬರುತ್ತಲೇ ಹೋದವು, ಮಾಮನೂ ಪ್ರತಿ ಭಾನುವಾರ ಬಸ್ಸು ಹತ್ತುತ್ತಲೇ ಹೋದ. ಚೀಲ ಜಾರದಂತೆ ಸೊಂಟಕ್ಕೆ ಕಟ್ಟಲು ತಾನೇ ನೇಯ್ದ ಹತ್ತಿ ಲಾಡಿಯ ಬೆಲ್ಟೊಂದು ಅವನ ಬ್ಯಾಗಿನಲ್ಲಿರುತ್ತಿತ್ತು. ಸಮಾಧಾನದ ಮಾತು ಅವನಿಗೆ ಬರುತ್ತಿರಲಿಲ್ಲ. ರೋಗಿಯ ಮುಂದೆ ಕೂತು ಅಂಗಿ ಬಿಚ್ಚಿ ತೋರಿಸುತ್ತಿದ್ದ, ಅಷ್ಟೆ!

ಶ್ರೀನಿವಾಸಪುರದ ಮಾವಿನ ಮಂಡಿಯ ಸಾಹೇಬರು ಎರಡು ತಿಂಗಳಿಂದ ಗೋಡೆ ಕಡೆ ಮುಖ ಮಾಡಿ ಮಲಗಿದ್ದರಂತೆ. ಮಾಮ ಅಂಗಿ ಬಿಚ್ಚಿದ ಮೇಲೆ ಇತ್ತ ತಿರುಗಿದರು.

"ಅರೆ ಮೇಷ್ಟ್ರೇ, ನಿಮಗೂನಾ?"

"ನನಗೂನೂ ಸಾಹೇಬ್ರೇ. ಐದು ವರ್ಷ ಆಯ್ತು. ಸತ್ತಿದೀನಾ, ನೀವೇ ನೋಡಿ."

ಸಾಹೇಬರು ಎದ್ದು ಮಂಡಿಗೆ ಹೋದರು. ಪ್ರತಿ ಬೇಸಿಗೆ ಮಾಮನಿಗೆ ಒಂದು ಬುಟ್ಟಿ ಬಾದಾಮಿ ಮಾವಿನಹಣ್ಣು ಬರತೊಡಗಿತು. ಮಾಮ ಅದನ್ನು ಹಾಗೆಯೇ ನಮ್ಮ ಮನೆಗೆ ತಂದಿಟ್ಟು, "ಇವತ್ತು ಏಕಾದಶಿ, ನೀವು ತಿನ್ನಿ" ಎಂದು ಹೊರಟುಬಿಡುತ್ತಿದ್ದ. ಏಕಾದಶಿಗೆ ಹಣ್ಣು ತಿನ್ನಬಹುದಲ್ಲವೇ ಎಂದು ಕೇಳುವ ಬುದ್ಧಿ ನಮ್ಮಲ್ಲೊಬ್ಬರಿಗೂ ಬರಲಿಲ್ಲ. ಹೇಗೆ ಬಂದೀತು, ಬುಟ್ಟಿ ನಮ್ಮ ಮುಂದಿತ್ತಲ್ಲ!

ಮುಳಬಾಗಿಲಿನ ಕಾರ್ಡು ಬಂದಾಗ ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಭಾನುವಾರ ಬೇರೆ ಕೆಲಸವಿಲ್ಲದೆ ನಾನೂ ಹೊರಟೆ. ಬಸ್ಸು ದೇವರಾಯಸಮುದ್ರ ದಾಟುವವರೆಗೂ ಮಾಮ ಒಂದೇ ಮಾತು ಹೇಳಿದ: "ಕಾಯಿಲೆ ವಿಷಯ ಬೀದೀಲಿ ಬಾಯಿ ಬಿಡ್ಬೇಡ ಕಣೋ. ಆ ಮನೆಯೋರು ಮುಚ್ಚಿಟ್ಟವ್ರೆ."

ಮನೆಯ ಜಗಲಿಯ ಮೇಲೆ ಅಕ್ಕಪಕ್ಕದವರು ನಾಲ್ಕು ಜನ ಕೂತಿದ್ದರು. ಮಾಮ ಇಸ್ತ್ರಿ ಪಂಚೆ ಉಟ್ಟಿದ್ದ, ಕೈಯಲ್ಲಿ ಬಾಳೆಹಣ್ಣು ಹಿಡಿದಿದ್ದ. ಏನು ಹೇಳುವುದೆಂದು ತಿಳಿಯದೆ ಮೆಲ್ಲಗೆ, "ನಿಮ್ಮನೇ ಹೆಣ್ಣುಮಗಳನ್ನ ಒಂದ್ಸಲ ನೋಡ್ಕೊಂಡು ಹೋಗೋಣ ಅಂತ ಬಂದ್ವಿ" ಎಂದ.

ಮನೆಯ ಯಜಮಾನಮ್ಮನ ಮುಖ ಅರಳಿತು. "ರಂಡಿ, ರಂಡಿ! ಒಳಗೆ ಬನ್ನಿ!" ಎಂದು ಗಡಿಸೀಮೆಯ ತೆಲುಗು ಬೆರೆಸಿ ಕರೆದರು. ಚಾಪೆ ಬಂತು, ಉಪ್ಪಿಟ್ಟು ಬಂತು, ಕೇಸರಿಬಾತೂ ಬಂತು. ಕೊನೆಗೆ ರೇಷ್ಮೆ ಸೀರೆಯುಟ್ಟ ಮಗಳೂ ಕಾಫಿ ಹಿಡಿದು ಬಂದಳು! ಯಜಮಾನಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹುಡುಗಂಗೆ ಕೆಲಸ ಪರ್ಮನೆಂಟಾ?" ಎಂದು ಕೇಳಿದರು. ನಾನು ಹೌದೆಂದೆ. ಸುಳ್ಳೇನಲ್ಲವಲ್ಲ!

ನಿಜ ತಿಳಿದಾಗ ಅವರು ಪೆಚ್ಚಾದರು. ಕಾಯಿಲೆಯವಳು ಅವರ ಸೊಸೆ, ಹಿಂದಿನ ಕೋಣೆಯಲ್ಲಿದ್ದಳು. ಮಾಮ ಒಳಗೆ ಹೋದ. ಬಾಗಿಲ ಈಚೆ ಕೂತ ನನಗೆ ಮಾತು ಕೇಳಿಸುತ್ತಿತ್ತು.

"ಊಟ ಎಲ್ಲಿ ಮಾಡ್ತೀಯಮ್ಮ?"

"ಇಲ್ಲೇ ಅಣ್ಣ. ನನ್ನ ತಟ್ಟೆ ಬೇರೆ."

"ಬೇಡ. ಇವತ್ತಿಂದ ಎಲ್ಲರ ಜೊತೆ ಕೂತ್ಕೋ. ತುದೀಲಿ ಅಲ್ಲ, ಮಧ್ಯದಲ್ಲಿ. ತುದೀಲಿ ಕೂತ್ರೆ ಎದ್ದು ಓಡೋಣ ಅನ್ಸುತ್ತೆ."

"ಸದ್ದು ಬಂದ್ರೆ?"

"ಬಂದ್ರೆ 'ನಂದು' ಅನ್ನು. ಏನ್ ಮಾಡ್ತಾರೆ, ಕೇಸ್ ಹಾಕ್ತಾರಾ?"

ಒಳಗಿನಿಂದ ಹೆಣ್ಣಿನ ನಗು ಕೇಳಿಸಿತು. ಮಾಮ ಹೊರಗೆ ಬಂದಾಗ ಯಜಮಾನಮ್ಮ ಎಲೆ ಹಾಕಿದ್ದರು. "ಇವತ್ತು ಏಕಾದಶಿ, ಕ್ಷಮಿಸ್ಬೇಕು" ಎಂದ ಮಾಮ. ಆ ಸೊಸೆ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು. ನಾನು ಉಂಡೆ.

ಕೇಸರಿಬಾತಿನ ರುಚಿಯೋ, ಕಾಫಿ ತಂದವಳ ನಗುವೋ, ಆರು ತಿಂಗಳಲ್ಲಿ ನಾನು ಆ ಮನೆಯ ಅಳಿಯನಾದೆ! ಮುಳಬಾಗಿಲಿನ ಛತ್ರದಲ್ಲಿ ಮದುವೆ. ಪುರೋಹಿತರು ಹುಡುಕಿ ಕೊಟ್ಟ ಮುಹೂರ್ತ ಶುದ್ಧ ಪಂಚಮಿಯದು. ಊಟದ ಹೊತ್ತಿಗೆ ಮಾಮ ಮಾತ್ರ ಛತ್ರದ ಹಿಂದಿನ ಉಗ್ರಾಣದ ಬಾಗಿಲಲ್ಲಿ ತೆಂಗಿನಕಾಯಿ ಕಾಯುತ್ತ ನಿಂತಿದ್ದ. ಕರೆದವರಿಗೆಲ್ಲ ಅದೇ ಉತ್ತರ ಕೊಡುತ್ತಿದ್ದ.

ಪಂಕ್ತಿಯ ನಟ್ಟನಡುವೆ ನನ್ನ ಹೆಂಡತಿಯ ಅತ್ತಿಗೆ, ಅದೇ ಸೊಸೆ, ಕೂತಿದ್ದಳು. ಪಕ್ಕದಲ್ಲಿ ಒಂದು ಎಲೆ ಖಾಲಿ ಇಟ್ಟಿದ್ದಳು. "ಅಣ್ಣಾ, ಬನ್ನಿ" ಎಂದು ಕೂಗಿದಳು.

"ಏಕಾದಶಿ ಕಣಮ್ಮ."

ಅನ್ನದ ಬಕೆಟ್ಟಿನವನು ಬಂದ. ಆಕೆ ತನ್ನ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಳು. "ಹಂಗಾದ್ರೆ ನಂಗೂ ಏಕಾದಶಿ. ಅಣ್ಣ ಕೂರೋವರ್ಗೂ ಬಡಿಸ್ಬೇಡ" ಎಂದಳು. ಬಡಿಸುವವನು ನಿಂತ. ಇಡೀ ಪಂಕ್ತಿ ಕಾಯುತ್ತ ಕೂತಿತು. ಮಾಮ ಅತ್ತ ನೋಡಿದ, ಇತ್ತ ನೋಡಿದ, ಮೆಲ್ಲಗೆ ಬಂದು ಕೂತ.

ಸಾರು ಬಡಿಸುವಾಗ ಸದ್ದು ಬಂದೇಬಿಟ್ಟಿತು. ಸುತ್ತಲ ಮಾತು ನಿಂತಿತು. ಅಲ್ಲಿ ರೇಡಿಯೋ ಇರಲಿಲ್ಲ. ಮಾಮನ ಮುಖ ಬಿಳಿಚಿಕೊಂಡಿತು. ಹೊಟ್ಟೆ ಹಿಡಿದುಕೊಂಡು ಏಳಲು ಹೊರಟ.

"ನಂದು" ಎಂದಳು ಆಕೆ, ಎಲ್ಲರಿಗೂ ಕೇಳುವ ಹಾಗೆ.

ಮಾಮ ಅರ್ಧ ಎದ್ದವನು ಅವಳ ಮುಖ ನೋಡಿದ. ಆಮೇಲೆ ಮತ್ತೆ ಕೂತ. "ಸುಳ್ಳು ಹೇಳ್ಬೇಡಮ್ಮ, ಅದು ನಂದೇ" ಎಂದ. ನಗುತ್ತಿದ್ದ, ಕಣ್ಣಿನಿಂದ ನೀರೂ ಇಳಿಯುತ್ತಿತ್ತು. "ಏನ್ಲಾ, ನೋಡ್ತಾ ನಿಂತಿದೀಯ? ಇನ್ನೊಂದು ಸೌಟು ಸಾರು ಹಾಕು!"

ಅಮ್ಮ ಕಂಬದ ಮರೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಬಾಸಿಂಗ ಕಟ್ಟಿಕೊಂಡು ನಿಂತು ನೋಡುತ್ತಿದ್ದೆ, ನಾಚಿಕೆಯಾಗುತ್ತಿತ್ತು. ಹನ್ನೆರಡು ವರ್ಷ ನಾವೂ ಅವನನ್ನು ಊಟಕ್ಕೆ ಕರೆಯುತ್ತಲೇ ಇದ್ದೆವು. ಎರಡನೆಯ ಸಲ ಕರೆದವಳು ಅವಳೊಬ್ಬಳೇ.