ಉಡಿಗೆ ಐದು ಉತ್ತತ್ತಿ

ತಾಂಬಾದ ಕಾಳಪ್ಪ ಅಂದು ಆ ಉತ್ತತ್ತಿ ಡಬ್ಬಿ ಚೆಲ್ಲದೇ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ ನೋಡ್ರಿ.

ನಮ್ಮ ದೇಶಕ್ಕೂ ಪಕ್ಕದ ದೇಶಕ್ಕೂ ಜಗಳ ಹತ್ತಿ, ಅವರ ವಿಮಾನ ನಮ್ಮ ಆಕಾಶದಲ್ಲಿ ಹಾಯುವಂತಿಲ್ಲ, ನಮ್ಮದು ಅವರ ಆಕಾಶದಲ್ಲಿ ಹಾಯುವಂತಿಲ್ಲ, ಅವರ ಸಾಮಾನು ಇಲ್ಲಿ ಇಳಿಯುವಂತಿಲ್ಲ ಎಂದು ಟಿವಿಯಲ್ಲಿ ಬಂತು. ಉತ್ತತ್ತಿ ಬರುವುದು ಆ ಕಡೆಯಿಂದ ಎಂದು ತಿಳಿದದ್ದೇ ತಡ, ಕಾಳಪ್ಪ ಹೆಂಡತಿ ರೇವವ್ವನ ಅಡುಗೆಮನೆಗೆ ನುಗ್ಗಿ, ಡಬ್ಬಿ ಎತ್ತಿಕೊಂಡು ಹೋಗಿ ಹಳ್ಳದ ದಂಡೆಗೆ ಸುರಿದ. "ಇನ್ನ ನನ್ನ ಮನಿಯೊಳಗ ವೈರಿ ಉತ್ತತ್ತಿ ಬರಂಗಿಲ್ಲ!" ಎಂದು ಕೈ ಎತ್ತಿ ಕೂಗಿದ. ಯಾರೋ ಪುಣ್ಯಾತ್ಮರು ಅದರ ವಿಡಿಯೋ ಮಾಡಿ ಜಿಲ್ಲೆಗೆಲ್ಲ ಹಂಚಿದರು.

ಬಾಜೂಮನೆಯ ನಬಿಸಾಬ ನಕ್ಕ. "ಕಾಳಪ್ಪಣ್ಣ, ರೊಕ್ಕ ಕೊಟ್ಟು ತಂದದ್ದ ಚೆಲ್ಲಿದಿ. ಇದರಾಗ ವೈರಿಗೇನ್ ಲುಕ್ಸಾನ ಆತು?"

ಅಷ್ಟಕ್ಕೇ ಕಾಳಪ್ಪ ಎರಡು ಹಿತ್ತಲಗಳ ನಡುವಿನ ಕಾಲುಹಾದಿಗೆ ಜಾಲಿಮುಳ್ಳು ಬಡಿದ. "ನನ್ನ ಹಿತ್ತಲದಾಗ ನಿಮ್ಮ ಮನಿ ಕೋಳಿ ಸೈತ ಹಾಯಬಾರದು!" ನಬಿಸಾಬನೇನು ಕಡಿಮೆಯೇ? ತನ್ನ ಅಂಗಳದ ಹಾದಿಯನ್ನೂ ಬಂದ್ ಮಾಡಿದ. ಅಂದಿನಿಂದ ನಬಿಸಾಬನ ಮನೆಯವರು ನಳಕ್ಕೆ ಓಣಿ ಸುತ್ತಿ, ಕಾಳಪ್ಪ ಬಸ್‌ಸ್ಟ್ಯಾಂಡಿಗೆ ಊರು ಸುತ್ತಿ ಹೋಗಬೇಕಾಯಿತು. ಚಾ ಅಂಗಡಿಯಲ್ಲಿ ಯಾರಾದರೂ ಕೆಣಕಿದರೆ ಕಾಳಪ್ಪ, "ದೊಡ್ಡ ದೊಡ್ಡ ಇಮಾನ ಸುತ್ತ ಹಾಕ್ಕೊಂಡ ಹೊಂಟಾವ, ನಂದೇನ್ ಹಚ್ಚೀರಿ?" ಎನ್ನುತ್ತಿದ್ದ.

ರೇವವ್ವ ಎದೆಬೇನೆಯ ಹೆಂಗಸು. ಅವಳು ಅಂದದ್ದು ಒಂದೇ ಮಾತು. "ಅವು ನನ್ನ ಉಡಿಗಂತ ಇಟ್ಟಿದ್ನೆಲ್ಲ." ಮುತ್ತೈದೆಯಾಗಿ ಹೋಗುವವಳನ್ನು ಉಡಿ ತುಂಬಿ ಕಳಿಸಬೇಕು, ಉಡಿಯಲ್ಲಿ ಐದು ಉತ್ತತ್ತಿ ಇರಬೇಕು ಎಂಬುದು ಅವಳ ಆಸೆ. "ಏ, ಸುಮ್ನಿರ, ನೀ ಎಲ್ಲಿಗಿ ಹೊಂಟಿ?" ಎಂದು ಕಾಳಪ್ಪ ನಕ್ಕುಬಿಟ್ಟಿದ್ದ.

ಮೂರು ತಿಂಗಳಿಗೆ ಹೊರಟೇ ಬಿಟ್ಟಳು. ಬೆಳಗಿನ ಚಾ ಕುಡಿದು ಬಟ್ಟಲು ಕೆಳಗಿಟ್ಟವಳು ಮತ್ತೆ ಏಳಲಿಲ್ಲ.

ಓಣಿಯ ಹೆಂಗಸರು ಹಸಿರು ಸೀರೆ ಉಡಿಸಿದರು, ಬಳೆ ಇಟ್ಟರು. ಕೊಬ್ಬರಿ, ಅಡಿಕೆ, ಅರಿಷಿಣದ ಬೇರು ಎಲ್ಲ ಬಂತು. ಉತ್ತತ್ತಿ? ಇಡೀ ಊರಿನ ಅಂಗಡಿಗಳಲ್ಲಿ ಒಂದೂ ಇಲ್ಲ. "ಖರ್ಜೂರ ಇಡ್ರೆವಾ, ಏನಾಗತೈತಿ" ಎಂದು ಒಬ್ಬಳು ಅಂದದ್ದಕ್ಕೆ, ಸಾಲೋಟಗಿಯಿಂದ ಓಡಿ ಬಂದ ಮಗಳು ರಾಜಶ್ರೀ ಸಿಡಿದೆದ್ದಳು.

"ಅಪ್ಪಾ, ಚೆಲ್ಲಿದಾಂವ ನೀನ, ತರಾಂವನೂ ನೀನ. ಅವ್ವನ ಉಡಿ ಅರ್ಧಾ ತುಂಬಿ ನಾ ಕಳಸಂಗಿಲ್ಲ."

"ಹೊತ್ತ ಮುಳುಗೂದ್ರೊಳಗ ಬಾರಪಾ, ಮಣ್ಣ ಮಾಡಬೇಕು" ಎಂದರು ಹಿರಿಯರು. ಹುಡುಗರು ತಾವು ಹೋಗುತ್ತೇವೆಂದರೂ ಕಾಳಪ್ಪ ಕೇಳಲಿಲ್ಲ. ಮೊಬೈಲು ಗೂಟಕ್ಕೆ ಹಾಕಿದ ಅಂಗಿಯ ಕಿಸೆಯಲ್ಲೇ ಉಳಿಯಿತು. ಬನಿಯನ್ನಿನ ಮೇಲೊಂದು ಟವೆಲ್ಲು ಹೊದ್ದುಕೊಂಡು ಇಂಡಿ ಬಸ್ಸು ಹತ್ತಿದ.

ಇಂಡಿ ಪೇಟೆಯ ಕಿರಾಣಿ ಅಂಗಡಿಯ ಮಂಜೂರ ಅವನನ್ನು ಕಂಡವನೇ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದ. "ಏ, ನೀವ ಅಲ್ರಿ ಹಳ್ಳಕ್ಕ ಉತ್ತತ್ತಿ ಚೆಲ್ಲಿದವ್ರು! ಬರ್ರಿ, ಒಂದ ಫೋಟೋ ತಗೊಳೂಣು." ನಾಲ್ಕು ಜನ ಕೂಡಿದರು. ಯಾರೋ ಹೆಗಲ ಮೇಲೆ ಕೈ ಹಾಕಿದರು, ಯಾರೋ ಕೈಗೆ ಚಾ ಹಿಡಿಸಿದರು.

"ಐದ... ಐದ ಉತ್ತತ್ತಿ ಬೇಕಾಗಿತ್ರಿ" ಎಂದ ಕಾಳಪ್ಪ.

ಎಲ್ಲರೂ ಹೋ ಎಂದು ನಕ್ಕರು. "ನಮ್ಮ ಪರೀಕ್ಷಾ ಮಾಡಾಕ ಬಂದೀರೇನ್ರಿ ಯಜಮಾನ್ರ? ಒಂದೂ ಇಟ್ಟಿಲ್ಲ, ಬೇಕಾದ್ರ ಒಳಗ ಹೊಕ್ಕ ಹುಡುಕ್ರಿ!" ಹೆಂಡತಿ ಸತ್ತಿದ್ದಾಳೆಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಮುಂದಿನ ಅಂಗಡಿಯಲ್ಲೂ ಅದೇ ಫೋಟೋ, ಅದೇ ನಗು.

ಇಂಡಿಯಿಂದ ಅವನು ಹತ್ತಿದ ಸಿಂದಗಿ ಬಸ್ಸು ದಾರಿಯಲ್ಲಿ ತಾಂಬಾದಲ್ಲಿ ನಿಂತಿತು. ಬರಿಗೈಲಿ ಮಗಳ ಮುಂದೆ ಹೇಗೆ ನಿಲ್ಲುವುದೆಂದು ಕಾಳಪ್ಪ ಇಳಿಯಲಿಲ್ಲ. ಯಾರೂ ನೋಡಬಾರದೆಂದು ಟವೆಲ್ಲು ಮುಖಕ್ಕೆ ಹಾಕಿಕೊಂಡು ಕೂತ. ಬಸ್ಸು ಬಿಟ್ಟಿತು.

ಸಿಂದಗಿಯ ಬಾಬುಲಾಲನ ಅಂಗಡಿ ಕಟ್ಟೆ ಮುಟ್ಟಿ ಐದು ಉತ್ತತ್ತಿ ಕೇಳಿದ. "ಇಲ್ರಿ" ಎಂಬ ಮಾತು ಬಂದದ್ದೇ ಕಟ್ಟೆಯ ಮೇಲೆ ಕುಸಿದು ಸಣ್ಣ ಕೂಸಿನ ಹಾಗೆ ಅತ್ತುಬಿಟ್ಟ. ಹೇಳಲಾರದ್ದನ್ನೆಲ್ಲ ಆಗ ಹೇಳಿದ. ಬಾಬುಲಾಲ ಮನೆಗೆ ಹೋಗಿ ಒಂದು ಪುಡಿಕೆ ತಂದ.

"ಮೊದಲ ದುಬೈ ಸುತ್ತಿಯಾದ್ರೂ ಬರ್ತಿದ್ವು, ಈಗ ಆ ಹಾದಿನೂ ಬಂದ್ ಆಗೇತ್ರಿ. ಇವು ನನ್ನ ಮಗಳ ಬಾಣಂತನಕ್ಕಂತ ಇಟ್ಟಿದ್ವು. ಐದ ಒಯ್ರಿ. ರೊಕ್ಕದ ಮಾತ ತಗೀಬ್ಯಾಡ್ರಿ."

ಕಾಳಪ್ಪ ಪುಡಿಕೆಯನ್ನು ಎದೆಗೆ ಒತ್ತಿ ಹಿಡಿದು ಊರಿಗೆ ಬಂದಾಗ ಹೊತ್ತು ಇಳಿದಿತ್ತು. ಹಿತ್ತಲ ಮುಳ್ಳನ್ನು ನಬಿಸಾಬನೇ ಕಿತ್ತು ಬದಿಗಿಟ್ಟಿದ್ದ. ರೇವವ್ವನನ್ನು ಒಯ್ಯಲು ಅದೇ ಸಮೀಪದ ಹಾದಿ. ಅಂಗಳದಲ್ಲಿ ರೇವವ್ವನನ್ನು ಕೂಡಿಸಿದ್ದರು. ಉಡಿ ತುಂಬಿತ್ತು. ಕೊಬ್ಬರಿ, ಅಡಿಕೆ, ಅರಿಷಿಣದ ನಡುವೆ ಐದು ಉತ್ತತ್ತಿ ಎದ್ದು ಕಾಣುತ್ತಿದ್ದವು.

ನಬಿಸಾಬನ ಹೆಂಡತಿ ಶಮ್ಶುನ್ನೀಸಾ ಅವಳ ಕಾಲ ಬಳಿ ಕೂತಿದ್ದಳು. "ಅಣ್ಣಾ, ನೀವು ಬೈತೀರಂತ ಅಂಜಿ, ನೀವು ಹೋದ ಮ್ಯಾಲ ಬಂದ್ನಿ. ನೀವು ಚೆಲ್ಲಿದ ದಿನನ ವೈನಿ ಹಳ್ಳದ ದಂಡ್ಯಾಗ ಐದ ಆರಿಸ್ಕೊಂಡು ಬಂದು ನನ್ನ ಹಂತ್ಯಾಕ ಇಟ್ಟಿದ್ರು. 'ಅವರಿಗಿ ಹೇಳಬ್ಯಾಡವಾ, ಮತ್ತೊಂದ ವಿಡಿಯೋ ಮಾಡಸ್ತಾರ' ಅಂದಿದ್ರು."

"ಎಷ್ಟ ಫೋನ್ ಹಚ್ಚಿದ್ವೋ ಅಪ್ಪಾ" ಎಂದು ರಾಜಶ್ರೀ ಬಿಕ್ಕಿದಳು. "ಗೂಟದಾಗಿನ ಅಂಗಿ ಕಿಸೆದಾಗನ ರಿಂಗ್ ಹೊಡಕೋತಿತ್ತು."

ಕಾಳಪ್ಪ ತನ್ನ ಐದನ್ನೂ ಉಡಿಗೆ ಹಾಕಹೋದ. ಹಿರಿಯಳೊಬ್ಬಳು ಕೈ ಹಿಡಿದಳು. "ಐದ ಇರಬೇಕಪಾ, ಹತ್ತ ನಡಿಯಂಗಿಲ್ಲ. ಲಗೂ ಎತ್ರಿ, ಹೊತ್ತ ಮುಳಗಾಕತ್ತೇತಿ."

ದಿನವಿಡೀ ಅವಳ ಬಾಜೂಕ ಕೂಡ್ರಬಹುದಾಗಿದ್ದವನಿಗೆ ಅವಳ ಕೈ ಒಂದು ಸಲ ಮುಟ್ಟುವಷ್ಟೇ ಹೊತ್ತು ಸಿಕ್ಕಿತು.

ಮಣ್ಣು ಮಾಡಿ ಬಂದು ಮಿಂದ ಮೇಲೆ, ಪುಡಿಕೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತ. ಮೂಲೆಯ ಹಲಗೆಯ ಮೇಲೆ ಆ ಖಾಲಿ ಡಬ್ಬಿ ಇನ್ನೂ ಇತ್ತು.

"ಏ, ಇವನ್ನ ಎಲ್ಲಿಡ್ಲೇ?" ಎಂದು ರೂಢಿಯಂತೆ ಕೇಳಿಬಿಟ್ಟ. ಆಮೇಲೆ ಉತ್ತರಕ್ಕಾಗಿ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ.