ಕಾಕಾನ ಹಡಗಿಗೆ ನಾನು ಮಾಡಿದ ತಿದ್ದುಪಡಿ

ಹಡಗು ಕಟ್ಟುವುದು ಕಷ್ಟದ ಕೆಲಸವೆಂದು ನನಗೆ ಅನ್ನಿಸಿರಲೇ ಇಲ್ಲ. ಸಂಗತಿಯನ್ನು ಪರಿಶೀಲಿಸಬೇಕು, ತಪ್ಪಿದ್ದರೆ ತಿದ್ದಬೇಕು, ಹೊತ್ತಿಗೆ ಸರಿಯಾಗಿ ಮುಗಿಸಬೇಕು. ನವಲಗುಂದದಿಂದ ಪತ್ರಿಕೆಗೆ ಸುದ್ದಿ ಕಳಿಸುತ್ತಲೇ ತಲೆ ಬೆಳ್ಳಗಾದ ನನಗೆ ಒಂದು ಪ್ಲಾಸ್ಟಿಕ್ ಹಡಗು ಯಾವ ಲೆಕ್ಕ? ಸಮುದ್ರವನ್ನು ನಾನು ಸರಿಯಾಗಿ ನೋಡಿಲ್ಲ ಎಂಬುದು ನಿಜ. ನಮ್ಮೂರ ಕೆರೆಯಲ್ಲಿ ತೇಲುವುದು ಎಮ್ಮೆಗಳು ಮಾತ್ರ.

ಹಡಗು ಪಕ್ಕದ ಮನೆಯ ಹುಸೇನ್ ಕಾಕಾನದು. ಪ್ರಾಯದಲ್ಲಿ ಅವರು ಮುಂಬೈಯಿಂದ ಹೊರಡುವ ಸರಕು ಹಡಗುಗಳಲ್ಲಿ ಅಡುಗೆ ಮಾಡುತ್ತಿದ್ದರು. ಯಾವುದೋ ಪರದೇಶದ ಬಂದರಿನಲ್ಲಿ ಒಂದು ಡಬ್ಬಿ ಕೊಂಡಿದ್ದರು. ಒಳಗೆ ಹಳೆಯ ಕಾಲದ, ಮೂರು ಕಂಬದ ಹಾಯಿಹಡಗು. ಎಲ್ಲವೂ ಬಿಡಿ ಬಿಡಿ ತುಂಡು. ಆರಾಮಾಗಿ ಕೂತು ಜೋಡಿಸೋಣವೆಂದು ಕಪಾಟಿನ ಮೇಲಿಟ್ಟರು. ಆರಾಮ ಸಿಗುವ ಹೊತ್ತಿಗೆ ಕೈ ನಡುಗತೊಡಗಿತ್ತು. ಆಮೇಲೆ ಶ್ವಾಸಕೋಶ ಕೈಕೊಟ್ಟಿತು. ಹುಬ್ಬಳ್ಳಿಯ ಡಾಕ್ಟರು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಅದರ ಅರ್ಥ ಕಾಕಾನಿಗೂ ಗೊತ್ತಿತ್ತು.

"ತಮ್ಮಾ, ಹೆಂಗರ ಆಗ್ಲಿ, ಜೋಡಿಸಿ ಈ ಸ್ಟೂಲಿನ ಮ್ಯಾಲ ಇಟ್ಟುಬಿಡು," ಎಂದರು. "ಛತ್ತು ನೋಡಿ ನೋಡಿ ಸಾಕಾಗೇದ. ಹೋಗೂತನಕ ಅದನ್ನ ನೋಡ್ಕೋತ ಮಲಗ್ತೀನಿ."

"ಹೆಂಗರ ಯಾಕ್ರಿ ಕಾಕಾ? ಅಗದಿ ಪದ್ಧತಶೀರ ಮಾಡಿ ಕೊಡ್ತೀನಿ!" ಎಂದೆ.

ಅನಾಹುತದ ಮೂಲ ಈ 'ಪದ್ಧತಶೀರ', ಎಲ್ಲ ಕ್ರಮಬದ್ಧವಾಗಿರಬೇಕೆಂಬ ಹಟ.

ಹಡಗಿನ ಒಡಲು ಎರಡು ಹೋಳು. ಎಷ್ಟೋ ಬೇಸಿಗೆ ಕಂಡು ಎರಡೂ ತುಸು ಸೊಟ್ಟಗಾಗಿದ್ದವು. ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಮೆತ್ತಗೆ ಒತ್ತು ಎಂದಿದ್ದರು ಕಾಕಾ. ಉಗುರುಬೆಚ್ಚಗಿನ ನೀರಿಗೇ ಇಷ್ಟು ಫಲವಿದ್ದರೆ ಕುದಿಯುವ ನೀರಿಗೆ ಎಷ್ಟಿರಬೇಡ! ಸ್ನಾನದ ಹಂಡೆಗೆ ಹಾಕಿದೆ. ಹೆಂಡತಿ ಶಾಂತಾ ಬಚ್ಚಲಿಗೆ ಇಣುಕಿದಳು.

"ಏನ್ರೀ ಇದು? ಹಂಡೇದಾಗ ಹಪ್ಪಳ ಕರಿಯಾಕತ್ತೀರೇನು?"

ಹೋಳುಗಳು ಹಪ್ಪಳದಂತೆಯೇ ಮುದುಡಿದ್ದವು. ತೆಗೆದು ಜೋಳದ ಚೀಲದ ಕೆಳಗೆ ಒತ್ತಿಟ್ಟೆ. ಮರುದಿನ ಒಂದು ನೆಟ್ಟಗಾಗಿತ್ತು. ಇನ್ನೊಂದು ತಟ್ಟೆಯಾಗಿತ್ತು! ಜೋಡಿಸಿದರೆ ನಡುವೆ ಬೆರಳು ತೂರುವಷ್ಟು ಸಂದು. ಪೈಪು ಸೋರಿದರೆ ಮೆತ್ತುವ ಮೇಣವನ್ನು ಅಲ್ಲಿ ಮೆತ್ತಿದೆ. ಹಡಗು ಈಗ ಪಟ್ಟಿ ಕಟ್ಟಿಸಿಕೊಂಡ ಗಾಯಾಳುವಿನಂತೆ ಕಂಡಿತು.

ಅಂಟಿನ ಪ್ರಕರಣ ಬೇರೆ. ಚಿಟಿಕೆ ಹೊಡೆಯುವುದರೊಳಗೆ ಹಿಡಿಯುವ ಅಂಟು ತಂದಿದ್ದೆ. ಹಿಡಿಯಿತು. ಹಡಗಿನ ಒಂದು ಪುಟ್ಟ ಫಿರಂಗಿ ನನ್ನ ಹೆಬ್ಬೆರಳಿಗೇ ಹಿಡಿಯಿತು. ಹಾಗೆಯೇ ಅಧಿಕಾರಿಯೊಬ್ಬರ ಸುದ್ದಿಗೋಷ್ಠಿಗೆ ಹೋಗಿ, ಕೈ ಎತ್ತಿ ಪ್ರಶ್ನೆ ಕೇಳಿದೆ. ನನ್ನ ವೃತ್ತಿಜೀವನದಲ್ಲಿ ಅಷ್ಟು ಬೇಗ ಉತ್ತರ ಸಿಕ್ಕಿದ್ದು ಅದೇ ಮೊದಲು!

ಈ ನಡುವೆ ಪಕ್ಕದ ಮನೆಗೆ ಆಕ್ಸಿಜನ್ ಸಿಲಿಂಡರ್ ಬಂತು. ಯಮನೂರಿನಿಂದ ಬಂದು ಆರೈಕೆಗೆ ನಿಂತಿದ್ದ ಕಾಕಾನ ಮಗಳು ರಜಿಯಾ ಔಷಧಿ ಬಾಟಲಿಗಳನ್ನೆಲ್ಲ ನೆಲದ ಮೇಲಿಟ್ಟು, ಸ್ಟೂಲನ್ನು ಹಡಗಿಗೆಂದು ಖಾಲಿ ಬಿಟ್ಟಿದ್ದಳು. ದಿನಾ ಗೋಡೆಯಾಚೆಯಿಂದ ಕೂಗುವಳು.

"ಮಾಮಾ, ಆತೇನ್ರಿ? ಅಬ್ಬಾ ಕೇಳಾಕತ್ತಾರ."

"ಇನ್ನೇನ್ ಆತವ್ವಾ, ಹಗ್ಗ ಒಂದು ಉಳದೈತಿ!"

ಡಬ್ಬಿಯಲ್ಲಿದ್ದ ದಾರ ಮುಟ್ಟಿದರೆ ಪುಡಿಯಾಗುತ್ತಿತ್ತು. ಜಮಖಾನ ನೇಯುವವರ ಮನೆಯಿಂದ ಗಟ್ಟಿ ನೂಲು ತಂದು ಬಿಗಿದೆ. ಶಾಂತಾ ಸುತ್ತು ಹಾಕಿ ನೋಡಿದಳು.

"ಹಗ್ಗದ ಹೊರಸು ಅನ್ಕೊಂಡು ಯಾರರ ಮಲಗ್ಯಾರು."

ಬಿಚ್ಚಿದೆ. ಸಣ್ಣ ದಾರ ತಂದು ಮತ್ತೆ ಬಿಗಿದೆ. ಕಂಬ ಬಾಗಿತು. ಮತ್ತೆ ಬಿಚ್ಚಿದೆ.

"ಇದ್ದಂಗ ಕೊಟ್ಟುಬಿಡ್ರಿ," ಎಂದಳು ಶಾಂತಾ. ಈ ಸಲ ಅವಳು ನಗುತ್ತಿರಲಿಲ್ಲ. "ಅವರಿಗೆ ದಮ್ಮು ಹತ್ತೂದು ಕಂಡೀರಿಲ್ಲೋ?"

"ಕರಡನ್ನ ಯಾರರ ಅಚ್ಚಿಗೆ ಕೊಡ್ತಾರೇನ?" ಎಂದೆ ನಾನು, ಗಾಂಭೀರ್ಯದಿಂದ.

ಕಡೆಗೂ ಒಂದು ಸಂಜೆ ಕಂಬದ ತುದಿಗೆ ಬಾವುಟ ಅಂಟಿಸಿ, ಹಡಗನ್ನು ಎರಡೂ ಕೈಯಲ್ಲಿ ಹೊತ್ತು ಹೋದೆ. ಸ್ಟೂಲಿನ ಮೇಲಿಟ್ಟೆ. ಕಾಕಾ ಮೂಗಿನ ನಳಿಕೆ ಸರಿಸಿಕೊಂಡು ಬಹಳ ಹೊತ್ತು ನೋಡಿದರು.

"ಹಾಯಿ... ಮುಂದಕ್ಕ ಉಬ್ಬ್ಯಾವ. ಅಂದ್ರ ಗಾಳಿ ಹಿಂದಿಂದ ಬಂದೈತಿ. ಬಾವುಟ... ಹಿಂದಕ್ಕ ಹಾರಾಕತ್ತೈತಿ." ಉಸಿರು ಎಳೆದುಕೊಂಡರು. "ಲೇ ತಮ್ಮಾ, ಹಡಗ ಮಾಡೀಯೋ, ಟ್ರ್ಯಾಕ್ಟರ್ ಮಾಡೀಯೋ?"

ನಾನು ಬಾವುಟ ಕಂಡದ್ದು ಟ್ರ್ಯಾಕ್ಟರು, ಜೀಪುಗಳ ಮೇಲೆ. ಅವು ಡೀಸೆಲ್ಲಿನಿಂದ ಓಡುತ್ತವೆ, ಬಾವುಟ ಹಿಂದಕ್ಕೆ ಹಾರುತ್ತದೆ. ಗಾಳಿಯೇ ತಳ್ಳುವ ಹಡಗಿನಲ್ಲಿ ಬಾವುಟವೂ ಗಾಳಿಯ ಜೊತೆ ಮುಂದಕ್ಕೇ ಹಾರಬೇಕೆಂದು ಎರೆಮಣ್ಣಿನ ಬಯಲುಸೀಮೆಯವನಿಗೆ ಹೇಗೆ ಹೊಳೆಯಬೇಕು?

ಕಾಕಾ ನಗತೊಡಗಿದರು. ಶಬ್ದವಿಲ್ಲದ ನಗು, ಮಂಚ ಮಾತ್ರ ಅಲುಗಾಡುತ್ತಿತ್ತು. ರಜಿಯಾ ಓಡಿ ಬಂದು ಬೆನ್ನು ಸವರಿದಳು. ಕಾಕಾನ ಕಣ್ಣಲ್ಲಿ ನೀರು.

"ಇರ್ಲಿ... ಇಲ್ಲೇ ಇರ್ಲಿ," ಎಂದರು.

"ಛೇ ಛೇ! ತಪ್ಪು ಅಂದ್ರ ತಪ್ಪ. ನಾಳೆ ಮುಂಜಾನಿ ತಿದ್ದಿ ತಂದಬಿಡ್ತೀನಿ!"

ಹಡಗನ್ನು ಬಗಲಿಗೆ ಎತ್ತಿಕೊಂಡೆ. ಕಾಕಾ ಕೈ ಚಾಚಿದರು. ನಾನು ಆ ಕೈ ಹಿಡಿದು ಕುಲುಕಿದೆ! ಅವರು ಚಾಚಿದ್ದು ಹಡಗಿಗೆ ಎಂದು ತಿಳಿದದ್ದು ಮನೆಗೆ ಬಂದ ಮೇಲೆ. ತಿಳಿದ ಮೇಲೂ, ಈ ಸಲ ನಿಧಾನಕ್ಕೆ ಹಿಡಿಯುವ ಅಂಟಿನಿಂದ ಬಾವುಟ ತಿರುಗಿಸಿ ಅಂಟಿಸಿ, ಅದು ಒಣಗಲಿ ಎಂದು ಮನೆಯಲ್ಲೇ ಕೂತೆ.

ಬೆಳಗಿನ ನಮಾಜಿನ ಹೊತ್ತಿಗೆ ಗೋಡೆಯಾಚೆ ಅಳು ಕೇಳಿಸಿತು.

ಕಾಕಾನ ಮಣ್ಣಿಗೆ ಹೋಗಿ ಬಂದೆ. ಮನೆ ತುಂಬಿದ್ದ ನೆಂಟರು ತೆರಳಿದ ಮೇಲೆ ಶಾಂತಾಳನ್ನು ಕರೆದುಕೊಂಡು, ಹಡಗು ಹಿಡಿದು ಹೋದೆ. ರಜಿಯಾ ಅದನ್ನು ಸ್ಟೂಲಿನ ಮೇಲಿಟ್ಟು ನೋಡಿದಳು.

"ನಿದ್ದಿ ಹತ್ತೂತನಕ ಈ ಖಾಲಿ ಸ್ಟೂಲ್ ನೋಡಿ ನೋಡಿ ನಕ್ಕರ್ರಿ ಅಬ್ಬಾ. 'ನನ್ನ ಟ್ರ್ಯಾಕ್ಟರ್ ಎಲ್ಲಿ, ತರಸಬೇ' ಅಂತಿದ್ರು. ಮಾಮಾ ಮುಂಜಾನಿ ತರ್ತಾರ ಅಂದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಈಗ ಅಗದಿ ಛಂದ ಆಗೇದ್ರಿ. ಆದ್ರ ಅಬ್ಬಾ ಕೇಳಿದ್ದು ಇದನ್ನಲ್ಲ."

ಏನಾದರೂ ಹೇಳಬೇಕಿತ್ತು. ಸಾಂತ್ವನದ ಮಾತನ್ನೇ ಹೇಳಬಹುದಿತ್ತು.

"ಬಾವುಟ ಮತ್ತ ಹಿಂದಕ್ಕ ತಿರುಗಿಸಿ ಕೊಡ್ಲೇನವ್ವಾ?" ಎಂದು ಕೈ ಹಾಕಿದೆ.

"ಬ್ಯಾಡ್ರಿ!" ಇಬ್ಬರೂ ಒಟ್ಟಿಗೇ ಕೂಗಿದರು.

ಅಷ್ಟರಲ್ಲಿ ಬಾವುಟ ಕಿತ್ತು ನನ್ನ ಕೈಗೆ ಬಂದಿತ್ತು.