ಹೊಸ ಬಟ್ಟೆಯನ್ನು ನಂಬದ ದೊಡ್ಡಮ್ಮ

ಮನುಷ್ಯರನ್ನಾದರೂ ನಂಬಿಯಾರು, ಹೊಸ ಬಟ್ಟೆಯನ್ನು ಮಾತ್ರ ನಮ್ಮ ದೊಡ್ಡಮ್ಮ ನಂಬಿದವರೇ ಅಲ್ಲ! ಅಂಗಡಿಯಿಂದ ಬಂದ ಬಟ್ಟೆ ಅವರ ಲೆಕ್ಕದಲ್ಲಿ ಹೆಣ್ಣು ನೋಡಲು ಬಂದ ಗಂಡಿನ ಹಾಗೆ. ಆ ಹೊತ್ತಿಗೆ ಎಲ್ಲರೂ ಸಾಧುಗಳೇ. "ಒಂದು ಸಲ ನೀರಿಗೆ ಹಾಕಿದ ಮೇಲೆ ಗೊತ್ತಾಗುದು ಗುಣ" ಎನ್ನುತ್ತಿದ್ದರು. ಯಾರ ಗುಣ ಎಂದು ಕೇಳುವ ಧೈರ್ಯ ನಮಗಿರಲಿಲ್ಲ, ದೊಡ್ಡಪ್ಪ ಅಲ್ಲೇ ಕೂತಿರುತ್ತಿದ್ದರಲ್ಲ!

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ಗಂಡನ ಮನೆ ಪೆರಾಬೆ, ಮನಸ್ಸೆಲ್ಲ ತವರಾದ ಸವಣೂರಿನ ನಮ್ಮ ಮನೆಯಲ್ಲಿ. ಕುಟುಂಬದಲ್ಲಿ ಯಾರಿಗೆ ಮಗು ಹುಟ್ಟಿದರೂ ಫ್ಲಾನೆಲ್ ಬಟ್ಟೆಯ ಹೊದಿಕೆ ಹೊಲಿದುಕೊಡುವ ಹಕ್ಕು ಅವರದು. ಮೇಲೊಂದು ಪದರ ಫ್ಲಾನೆಲ್, ಕೆಳಗೊಂದು ಪದರ ಫ್ಲಾನೆಲ್, ನಡುವೆ ದೊಡ್ಡಪ್ಪನ ಹಳೆಯ ಪಂಚೆ. ಮೂರನ್ನೂ ಸೇರಿಸಿ ಕೈಯಿಂದಲೇ ಸಾಲುಸಾಲಾಗಿ ಹೊಲಿಗೆ. ದೊಡ್ಡಪ್ಪನ ಪಂಚೆ ಹಳತಾಗುವ ಮೊದಲೇ ಎಲ್ಲಾದರೂ ಹೆರಿಗೆಯಾದರೆ? ಪಾಪ, ಆಗ ಇದ್ದ ಪಂಚೆಯೇ ಹಳತೆಂದು ತೀರ್ಮಾನವಾಗುತ್ತಿತ್ತು.

ಈ ಅಪನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ ಅನ್ನಿ. ದೊಡ್ಡಮ್ಮ ಮೊತ್ತಮೊದಲು ಹೊದಿಕೆ ಹೊಲಿದದ್ದು ನನ್ನ ಸೋದರಮಾವನ ಮಗನಿಗೆ. ಅಂಗಡಿಯವರು "ಅಪ್ಪಟ ಬಣ್ಣ" ಎಂದದ್ದನ್ನು ನಂಬಿ, ಕೆಂಪು ಫ್ಲಾನೆಲನ್ನು ಒಗೆಯದೆಯೇ ಹೊಲಿದುಬಿಟ್ಟರು. ಹೊದಿಸಿ ಮಲಗಿಸಿದರು. ಎಳೆಮಕ್ಕಳು ಮಾಡುವುದನ್ನು ಅವನೂ ಮಾಡಿದ. ಬೆಳಿಗ್ಗೆ ನೋಡುತ್ತಾರೆ, ಸೊಂಟದಿಂದ ಕೆಳಗೆ ಮಗು ದಾಸವಾಳದ ಹಾಗೆ ಕೆಂಪು! ಮನೆಯೆಲ್ಲ ಬೊಬ್ಬೆ. ಅಜ್ಜಿ ಇದು ಸರ್ಪಸುತ್ತೇ ಎಂದು ನಾಗನಿಗೆ ತಂಬಿಲದ ಪೂಜೆ ಕೊಡುವ ಹರಕೆ ಹೇಳಿಕೊಂಡರು. ಮಾವ ಜೀಪು ಮಾಡಿಕೊಂಡು ಪುತ್ತೂರಿನಿಂದ ಡಾಕ್ಟರನ್ನು ಕರೆತಂದರು. ಅವರು ಒದ್ದೆ ಹತ್ತಿಯಿಂದ ಮಗುವಿನ ತೊಡೆ ಒರೆಸಿದರು, ಹತ್ತಿಯನ್ನು ನೋಡಿದರು, ಹೊದಿಕೆಯನ್ನು ನೋಡಿದರು.

"ಮಗುವಿಗೆ ಎಂತದೂ ಆಗ್ಲಿಲ್ಲ ಮಾರಾಯ್ರೆ. ಒಮ್ಮೆ ಒಗೆದು ಒಣಗಿಸಿ, ಸಾಕು" ಎಂದರಂತೆ!

ಆಮೇಲೆ ಹೊದಿಕೆಯನ್ನು ಒಗೆದರು. ನೀರು ಸೋಕಿದ್ದೇ ತಡ, ಫ್ಲಾನೆಲ್ ಗಿಡ್ಡವಾಯಿತು. ನಡುವಿನ ಪಂಚೆಯದ್ದು ಮೊದಲಿನ ಅಳತೆಯೇ. ಎರಡೂ ಒಂದನ್ನೊಂದು ಎಳೆದಾಡಿ ಹೊದಿಕೆ ಬುಟ್ಟಿಯ ಆಕಾರಕ್ಕೆ ಬಂತು. ಬೆಕ್ಕು ಅದರೊಳಗೆ ಸುಖವಾಗಿ ಮರಿ ಹಾಕಿತು. ತಂಬಿಲವನ್ನೂ ಕೊಡಲೇಬೇಕಾಯಿತು, ಹೇಳಿಕೊಂಡ ಹರಕೆ ಬಣ್ಣದ ಹಾಗೆ ಒರೆಸಿದರೆ ಹೋಗುತ್ತದೆಯೇ?

ಅಲ್ಲಿಂದ ಮೇಲೆ ದೊಡ್ಡಮ್ಮ ಪುತ್ತೂರು ಪೇಟೆಗೆ ಫ್ಲಾನೆಲ್ ತರಲು ಹೊರಟರೆ ಚೀಲದಲ್ಲಿ ಒಂದು ಬಾಟಲಿ ನೀರು ಮತ್ತು ಒಂದು ಬಿಳಿ ಕರವಸ್ತ್ರ ಇರಲೇಬೇಕು. ಜೊತೆಗೆ ಹೋಗುವ ಭಾಗ್ಯ ಎಷ್ಟೋ ಸಲ ನನ್ನದು. ಬಟ್ಟೆಯ ಥಾನು ಬಿಚ್ಚಿಸುತ್ತಿದ್ದರು. ಕೆನ್ನೆಗೆ ಒತ್ತಿಕೊಂಡು ಕಣ್ಣುಮುಚ್ಚಿ ಕೂರುತ್ತಿದ್ದರು. ಇನ್ನು ನಿದ್ದೆಯೇ ಬಂತೇನೋ ಎಂದುಕೊಳ್ಳುವಾಗ ಕಣ್ಣು ತೆರೆದು, "ಚುಚ್ಚುತ್ತದೆ, ಬೇರೆ ತೋರಿಸಿ" ಎನ್ನುತ್ತಿದ್ದರು. ಬೆಳಕಿಗೆ ಹಿಡಿದು ನೇಯ್ಗೆ ನೋಡುವುದು, ಉಗುರಿನಿಂದ ಕೆರೆದು ನವಿರು ಉದುರುತ್ತದೋ ನೋಡುವುದು, ಮೂಸುವುದು! ಅಂಗಡಿಯ ಯಜಮಾನರು ದೇವರ ಪಟದ ಕಡೆ ತಿರುಗಿ ನಿಲ್ಲುತ್ತಿದ್ದರು.

"ಅಕ್ಕಾ, ಇದು ಬಣ್ಣ ಬಿಡುದೇ ಇಲ್ಲ. ಗ್ಯಾರಂಟಿ" ಎಂದರು ಒಂದು ಸಲ ಬಟ್ಟೆ ತೋರಿಸುತ್ತಿದ್ದವರು.

"ಗ್ಯಾರಂಟಿ ಕೊಡುದು ನೀವು, ಒಗೆಯುದು ನಾನು" ಎಂದು ದೊಡ್ಡಮ್ಮ ಬಾಟಲಿ ತೆಗೆದರು. ಬಟ್ಟೆಯ ಮೂಲೆ ಒದ್ದೆ ಮಾಡಿ ಕರವಸ್ತ್ರದಿಂದ ಉಜ್ಜಿ ಎತ್ತಿ ಹಿಡಿದರು. ಕರವಸ್ತ್ರ ನೀಲಿ!

"ಅದು ಸುರುವಿಗೆ ಸ್ವಲ್ಪ ಹಾಗೆ ಅಕ್ಕಾ..."

"ಸ್ವಲ್ಪವಾ? ಈ ನೀರಲ್ಲಿ ನಿಮ್ಮ ಅಂಗಡಿಯ ಗೋಡೆಗೆಲ್ಲ ಬಣ್ಣ ಹೊಡಿಬಹುದು ಮಾರಾಯ್ರೆ!"

ಮದುವೆ ಬಟ್ಟೆಗೆ ಬಂದಿದ್ದ ಅರಂತೋಡಿನ ಕಡೆಯ ಹೆಂಗಸೊಬ್ಬರು ಇದನ್ನೆಲ್ಲ ಬಿಟ್ಟ ಕಣ್ಣಿನಿಂದ ನೋಡುತ್ತಿದ್ದರು. ಮೆಲ್ಲ ಹತ್ತಿರ ಸರಿದು, "ಅಕ್ಕಾ, ನನ್ನ ಈ ರವಿಕೆ ಕಣಕ್ಕೂ ಒಂಚೂರು ನೀರು ಹಾಕಿ ನೋಡ್ತೀರಾ?" ಎಂದರು. ಅವರ ಹಿಂದೆ ಇನ್ನೊಬ್ಬರು. ಕರವಸ್ತ್ರ ಕಾಮನಬಿಲ್ಲಾಯಿತು. ಕೊನೆಗೆ ಯಜಮಾನರೇ ಹತ್ತಿರ ಬಂದು ಕೈಮುಗಿದರು. "ಅಕ್ಕಾ, ನಿಮಗೆ ಬೇಕಾದ ಫ್ಲಾನೆಲ್ ನಾನೇ ಮನೆಗೆ ಕಳಿಸ್ತೇನೆ. ನೀವು ಮಾತ್ರ ಬರ್ಬೇಡಿ!" ದೊಡ್ಡಮ್ಮ ಇದನ್ನು ಮರ್ಯಾದೆ ಎಂದೇ ತಿಳಿದರು. ಮುಂದಿನ ಸಲವೂ ಹೋದರು.

ಇಷ್ಟು ನಗುತ್ತಾ ಬರೆಯುತ್ತಿದ್ದೇನಲ್ಲ, ಇನ್ನು ಹೇಳುವುದು ನನ್ನದೇ ಕತೆ. ಮೊದಲನೆಯ ಬಸಿರನ್ನು ನಾನು ಐದು ತಿಂಗಳಿಗೇ ಕಳೆದುಕೊಂಡಿದ್ದೆ. ಎರಡನೆಯ ಸಲ ಹೆರಿಗೆಗೆಂದು ಸವಣೂರಿಗೆ ಬಂದಾಗ ಮನೆಯಲ್ಲಿ ಮಗು ಎಂಬ ಶಬ್ದವನ್ನೇ ಯಾರೂ ಆಡುತ್ತಿರಲಿಲ್ಲ. ಅಮ್ಮ "ಉಂಡಿಯಾ?" ಎನ್ನುತ್ತಿದ್ದಳು, "ಮಲಗು" ಎನ್ನುತ್ತಿದ್ದಳು, ಅಷ್ಟೇ. ನಾನಂತೂ ಹೊಟ್ಟೆಯ ಮೇಲೆ ಕೈಯಿಡಲಿಕ್ಕೂ ಹೆದರುತ್ತಿದ್ದೆ. ಇದೂ ಹೋದರೆ ನಾನು ಉಳಿಯುವುದಿಲ್ಲ ಎಂದು ನನಗೆ ಖಂಡಿತವಾಗಿತ್ತು.

ಅಂಥ ಒಂದು ದಿನ ಬೇಸಗೆಯ ಉರಿಬಿಸಿಲಿನಲ್ಲಿ ದೊಡ್ಡಮ್ಮ ಬಸ್ಸಿಳಿದು ಬಂದರು, ಕಂಕುಳಲ್ಲಿ ಕಟ್ಟು. ಬಿಚ್ಚಿದರೆ ಫ್ಲಾನೆಲ್! ಬಿಳಿಯ ಮೇಲೆ ಹಳದಿ ಬಾತುಕೋಳಿಗಳು.

ಅಜ್ಜಿ ಹೌಹಾರಿದರು. ಹುಟ್ಟುವ ಮೊದಲು ಮಗುವಿಗೆಂದು ಹೊಸ ಬಟ್ಟೆ ಹೊಸಿಲು ದಾಟಬಾರದು, ಹುಟ್ಟಿದ ಮಗುವಿಗೆ ಮೊದಲು ಸುತ್ತುವುದೂ ಮನೆಯ ಹಳೆಯ ಬಟ್ಟೆಯನ್ನೇ. ಇದು ಅವರ ಮನೆಯ ಕಾನೂನು. ದೊಡ್ಡಮ್ಮನೂ ಉಳಿದವರಿಗೆಲ್ಲ ಮಗು ಹುಟ್ಟಿದ ಮೇಲೆಯೇ ಫ್ಲಾನೆಲ್ ತರುತ್ತಿದ್ದದ್ದು.

"ನಿನಗೆ ಮರುಳಾ? ತೆಗೆದುಕೊಂಡು ಹೋಗು ಅದನ್ನು!" ಎಂದು ಅಜ್ಜಿ ಬಾಗಿಲಿಗೆ ಅಡ್ಡ ನಿಂತರು.

"ಮಗು ಹುಟ್ಟುದು ಆಟಿ ತಿಂಗಳಲ್ಲಿ ಅಮ್ಮ. ಆ ಮಳೆಗೆ ಫ್ಲಾನೆಲ್ ಒಗೆದರೆ ಒಣಗುದು ಯಾವಾಗ? ಮಗುವಿಗೆ ಹೊದಿಸುದು ಎಂತ?"

ಮಗು ಹುಟ್ಟುದು! ಎಷ್ಟು ಸಲೀಸಾಗಿ ಅಂದುಬಿಟ್ಟರು!

"ಹೊಸತು ತರಬಾರದು, ಸರಿ. ಹಳತಾದರೆ ಅಡ್ಡಿ ಉಂಟಾ?" ದೊಡ್ಡಮ್ಮ ಮತ್ತೆ ಕೇಳಿದರು.

"ಹಳತಾದರೆ ಎಂತ ಅಡ್ಡಿ?"

"ಹಾಗಾದರೆ ನಾನು ಇದನ್ನು ಹಳತು ಮಾಡ್ತೇನೆ!"

ಮಾಡಿದರು ನೋಡಿ! ಫ್ಲಾನೆಲ್ ಹೊಸಿಲು ದಾಟಲಿಲ್ಲ. ಬಾವಿಕಟ್ಟೆಯ ಪಕ್ಕದ ಒಗೆಯುವ ಕಲ್ಲಿನ ಬಳಿಯೇ ಅದರ ವಾಸ. ಮೊದಲು ತಣ್ಣೀರಲ್ಲಿ ನೆನೆಸಿ ಗಂಜಿ ಬಿಡಿಸಿದರು. ಉಪ್ಪುನೀರಲ್ಲಿ ಇಟ್ಟರು. ಬಿಸಿನೀರಲ್ಲಿ ಅದ್ದಿದರು. ಅಂಟುವಾಳದ ನೊರೆಯಲ್ಲಿ ಮೆಲ್ಲ ಕಿವುಚಿದರು. ನೆರಳಲ್ಲಿ ಒಣಗಿಸಿ ಗೇಣು ಹಾಕಿ ಅಳೆದು, "ಇನ್ನೂ ಸಣ್ಣ ಆಗ್ತಾ ಉಂಟು ಕಳ್ಳ!" ಎಂದು ಬೈದು ಮತ್ತೆ ನೀರಿಗೆ. ಪ್ರತಿ ಸಲವೂ ಒಣಗಿದ್ದನ್ನು ಅಜ್ಜಿಯ ಮೂಗಿನ ಹತ್ತಿರ ಹಿಡಿಯಬೇಕು. ಅಜ್ಜಿ ಹೊಸಿಲ ಒಳಗೆ ಕೂತು ಮೂಸಿ, "ಇನ್ನೂ ಅಂಗಡಿ ವಾಸನೆ ಉಂಟು" ಎಂದು ತೀರ್ಪು ಕೊಡುತ್ತಿದ್ದರು. ಮತ್ತೆ ಕಲ್ಲಿಗೆ!

ಪಕ್ಕದ ಮನೆಯ ಹೆಂಗಸು ಬೇಲಿಯಾಚೆಯಿಂದ, "ಎಂತ, ಹೆರಿಗೆ ಆಯ್ತಾ ನಿಮ್ಮಲ್ಲಿ? ಒಂದೇ ಸಮ ಮಗುವಿನ ಬಟ್ಟೆ ಒಣಗ್ತಾ ಉಂಟಲ್ಲ!" ಎಂದು ಕೇಳಿದಳು.

"ಇಲ್ಲ ಮಾರಾಯ್ತಿ. ಮಗು ಬರುವ ಮೊದಲು ಬಟ್ಟೆಗೆ ಬುದ್ಧಿ ಕಲಿಸುದು" ಎಂದರು ದೊಡ್ಡಮ್ಮ.

ಅಜ್ಜಿಗೆ ಅಷ್ಟೂ ಸಾಲಲಿಲ್ಲ. "ಒಗೆದ ಮಾತ್ರಕ್ಕೆ ಹಳತಾಗುದಿಲ್ಲ. ಮನೆಯವರು ಯಾರಾದರೂ ಉಪಯೋಗಿಸಿರಬೇಕು" ಎಂದು ಹೊಸ ತಕರಾರು ತೆಗೆದರು. ದೊಡ್ಡಮ್ಮ ಪೆರಾಬೆಯಿಂದ ದೊಡ್ಡಪ್ಪನನ್ನೇ ಕರೆಸಿದರು. ದೊಡ್ಡಪ್ಪ ಎಂದರೆ ಆರಡಿ ಆಳು, ಗಿರಿಜಾ ಮೀಸೆ, ಕೆಮ್ಮಿದರೆ ಆಳುಗಳು ಎದ್ದು ನಿಲ್ಲಬೇಕು. ಅಂಥವರ ಕೊರಳಿಗೆ ಹಳದಿ ಬಾತುಕೋಳಿಯ ಫ್ಲಾನೆಲ್ ಸುತ್ತಿ, "ಹೀಗೇ ಪೇಟೆಗೆ ಹೋಗಿ ಬನ್ನಿ" ಎಂದು ಅಟ್ಟಿದರು. ಅದೂ ಬೇಸಗೆಯ ಸೆಕೆಯಲ್ಲಿ! ಸವಣೂರು ಪೇಟೆಯಲ್ಲಿ ಕಂಡಕಂಡವರು, "ಎಂತ ಧಣಿ, ಶೀತವಾ?" ಎಂದು ವಿಚಾರಿಸಿದರಂತೆ. ಒಬ್ಬರು ಕರಿಮೆಣಸಿನ ಕಷಾಯವನ್ನೇ ಮಾಡಿಸಿ ಕುಡಿಸಿದರಂತೆ. ದೊಡ್ಡಪ್ಪ ಬೆವರು ಸುರಿಸುತ್ತ ಬಂದು ಫ್ಲಾನೆಲ್ ಬಿಚ್ಚಿ ಅಜ್ಜಿಯ ಮುಂದಿಟ್ಟು, "ಅತ್ತೆ, ಇದು ಹಳತಾಯ್ತು. ನಾನೂ ಹಳಬನಾದೆ" ಎಂದರು.

ಅಜ್ಜಿ ನಕ್ಕರು. ನಾನು ಬಂದಲ್ಲಿಂದ ಅವರು ನಕ್ಕದ್ದನ್ನು ನೋಡಿದ್ದು ಅದೇ ಮೊದಲು. ಬಟ್ಟೆಯನ್ನು ಇನ್ನೊಮ್ಮೆ ಒಗೆಸಿ, ಮೂಸಿ, ಕೆನ್ನೆಗೆ ಒತ್ತಿ, "ಹ್ಞಾಂ, ಒಳಗೆ ತಾ" ಎಂದರು. ಅವತ್ತು ಸಂಜೆಯೇ ದೊಡ್ಡಮ್ಮ ಸೂಜಿ ಹಿಡಿದು ಕೂತರು. ಹೊಲಿದು ಮುಗಿದ ಮೇಲೂ ಅದನ್ನು ಆಗಾಗ ಒಗೆಯುತ್ತಲೇ ಇದ್ದರು.

ಆಟಿಯ ಜಡಿಮಳೆಯಲ್ಲಿ ಪುತ್ತೂರಿನ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ಸಪೂರದ ಕೂಸು, ಆದರೆ ಕಿರುಚಾಟಕ್ಕೆ ಏನೂ ಕಡಿಮೆಯಿಲ್ಲ! "ಎಲ್ಲಿ ಆ ಹಳೆ ಬಟ್ಟೆ?" ಎಂದು ಮೊದಲು ಕೈಚಾಚಿದವರು ಅಜ್ಜಿಯೇ. ಬಾತುಕೋಳಿಗಳು ಒಗೆದೊಗೆದು ಮಜ್ಜಿಗೆಯಲ್ಲಿ ಅದ್ದಿದ ಹಾಗೆ ಮಾಸಿದ್ದವು. ಮಗಳು ಅದರೊಳಗೆ ಬೆಚ್ಚಗಾಗಿ ಅಳು ನಿಲ್ಲಿಸಿದಳು.

ಅಜ್ಜಿ, ಅಮ್ಮ ಹೊರಗೆ ಹೋದ ಮೇಲೆ ಮಂಚದ ಪಕ್ಕದಲ್ಲಿ ದೊಡ್ಡಮ್ಮ ಒಬ್ಬರೇ ಇದ್ದರು. ನಾನು ಕೇಳಿದೆ. "ದೊಡ್ಡಮ್ಮ, ಮಗು ಅನ್ನಲಿಕ್ಕೇ ಎಲ್ಲರೂ ಹೆದರ್ತಾ ಇದ್ದರು. ನಿಮಗೊಬ್ಬರಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತು?"

ಜೋರು ಬಾಯಿಯ ದೊಡ್ಡಮ್ಮ ಮಗುವಿನ ಕಡೆ ಬಾಗಿದರು. ಹೊದಿಕೆಯ ಅಂಚನ್ನು ಸರಿಮಾಡಿದರು, ಸರಿಯಾಗಿಯೇ ಇದ್ದದ್ದನ್ನು ಮತ್ತೆ ಸರಿಮಾಡಿದರು. ಅವರ ಬೆರಳ ತುದಿಗಳು ಅಂಟುವಾಳಕ್ಕೆ ಬಿರಿದು ಹೋಗಿದ್ದನ್ನು ನಾನು ನೋಡಿದ್ದೇ ಆಗ.

"ಧೈರ್ಯ ಎಂತದ್ದು ಮಗಾ? ನನಗೂ ನಿನ್ನಷ್ಟೇ ಹೆದರಿಕೆ. ಸುಮ್ಮನೆ ಕೂತರೆ ಬೇಡದ್ದೇ ನೆನಪಾಗುದು. ಬಟ್ಟೆ ಎಂದೋ ಹಳತಾಗಿತ್ತು. ಆದರೂ ಒಗೆದೆ" ಎಂದರು.